ಕೋಟಿನ ಒಳತೋಳು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕತ್ತರಿಸುವ ಮೇಜಿನ ಮೇಲೆ ಬೂದು ಬಣ್ಣದ ಉಣ್ಣೆ ಬಟ್ಟೆ ಹರಡಿ ನಲವತ್ತು ನಿಮಿಷವಾಗಿತ್ತು. ಕತ್ತರಿ ಇನ್ನೂ ಅದನ್ನು ಮುಟ್ಟಿರಲಿಲ್ಲ.

ಬಟ್ಟೆ ಒಬ್ಬ ನಿವೃತ್ತ ಮೇಷ್ಟ್ರದು. ಅವರ ಹೆಂಡತಿ ಬದುಕಿದ್ದಾಗ ಆರಿಸಿ ತಂದ ತುಂಡು, ಹನ್ನೊಂದು ವರ್ಷ ಬೀರುವಿನಲ್ಲೇ ಇತ್ತು. ಅಂಥದು ಈಗ ಸಿಗುವುದಿಲ್ಲ. ಒಂದು ಕೋಟು ಹೊಲಿಯಲು ಎಷ್ಟು ಬೇಕೋ ಅಷ್ಟೇ ಇದೆ.

ಮೇಜಿನ ಮುಂದೆ ನಿಂತವಳಿಗೆ ನಲವತ್ತೆರಡು. ಅಂಗಡಿಯವರು ಅವಳನ್ನು ಮಾಸ್ಟರಕ್ಕ ಎನ್ನುತ್ತಾರೆ. ಹದಿನೇಳು ವರ್ಷ ಇಲ್ಲಿಯ ಕಟಿಂಗ್ ಅವಳದೇ. ಹೋದ ವರ್ಷ ಖಿನ್ನತೆ ಹಿಡಿಯಿತು. ಅದು ಹೊರಬಿದ್ದದ್ದು ಒಂದು ಪ್ಯಾಂಟಿನಿಂದ. ಕೆಳಗೆ ಮಡಚಿಕೊಂಡಿದ್ದ ಪದರ ಗಮನಕ್ಕೆ ಬರದೆ, ಕತ್ತರಿ ಅದನ್ನೂ ಸೀಳಿಕೊಂಡು ಹೋಗಿತ್ತು. ಅವಳು ತುಂಡುಗಳನ್ನು ಸುತ್ತಿ ಡ್ರಾಯರಿನ ತಳದಲ್ಲಿಟ್ಟಳು, ಯಾರಿಗೂ ಹೇಳಲಿಲ್ಲ, ಮರುದಿನ ಕೆಲಸಕ್ಕೆ ಬರಲಿಲ್ಲ. ಐದು ತಿಂಗಳು ಬರಲಿಲ್ಲ.

ಮರಳಿ ಬಂದು ಆರು ವಾರ. ಹಾಸಿಗೆಯ ಅಂಚಿನಿಂದ ಎದ್ದು ನಿಲ್ಲಲು ಈಗಲೂ ಕಾಲು ಗಂಟೆ ಬೇಕು. ಹಲ್ಲುಜ್ಜುವುದು ದಿನವೂ, ಸ್ನಾನ ದಿನ ಬಿಟ್ಟು ದಿನ. ಬಟ್ಟೆ ಒಗೆಯುವುದು ತಂಗಿ. ಅಂಗಡಿಯಲ್ಲಿ ಇಷ್ಟು ದಿನ ಅವಳು ಅಳತೆ ತೆಗೆದಳು, ಇಸ್ತ್ರಿ ಮಾಡಿದಳು, ಗುಂಡಿ ಹೊಲಿದಳು. ಕಟಿಂಗಿಗೆ ಸೋಮವಾರ ಮತ್ತು ಗುರುವಾರ ಹೊರಗಿನ ಮಾಸ್ಟರೊಬ್ಬರು ಬರುತ್ತಾರೆ. ಅವರು ದಿನವೂ ಬರಲು ತಯಾರು. ನಿನ್ನೆ ಅಂಗಡಿಯ ಯಜಮಾನರು ಸುತ್ತುಬಳಸದೆ ಹೇಳಿದ್ದರು.

"ನೋಡಮ್ಮ, ಒಂದು ಅಂಗಡೀಲಿ ಇಬ್ಬರು ಮಾಸ್ಟರನ್ನ ಸಾಕೋದು ನನ್ನ ಕೈಲಿ ಆಗಲ್ಲ. ಈ ಕೋಟು ನೀನು ಕಟ್ ಮಾಡು. ಆಯ್ತು ಅಂದ್ರೆ ಮೇಜು ನಿಂದು. ಆಗಲ್ಲ ಅಂದ್ರೆ ಗುಂಡಿ, ಇಸ್ತ್ರಿ ನೋಡ್ಕೊಂಡಿರು. ಕಳಿಸಿಬಿಡೋ ಮಾತಿಲ್ಲ."

ಗುಂಡಿ ಹೊಲಿದುಕೊಂಡೇ ಇದ್ದುಬಿಡುವುದು ಅವಳಿಗೆ ಸುಲಭವಾಗಿ ಕಂಡಿತು. ಹಾಗೆ ಕಂಡದ್ದೇ ಅವಳನ್ನು ಹೆದರಿಸಿತ್ತು.

ಕಿಟಕಿಯ ಬಳಿ ಕೂತು ಗುಂಡಿತೂತುಗಳಿಗೆ ಕಾಜಾ ಹಾಕುವ ಮುದುಕಿಯನ್ನು ಎಲ್ಲರೂ ಕಾಜಾಜ್ಜಿ ಎಂದೇ ಕರೆಯುವುದು. ಅವಳು ತಲೆ ಎತ್ತದೆ ಕೇಳಿದಳು. "ಏನೇ, ದುರುಗುಟ್ಟಿ ನೋಡಿದ್ರೆ ಬಟ್ಟೆ ಹೆದರಿ ತಾನಾಗೇ ತುಂಡಾಗುತ್ತೆ ಅಂತಾನಾ?"

"ಇನ್ನೊಂದ್ಸಲ ಅಳೆದುಬಿಡ್ತೀನಿ ಅಜ್ಜಿ."

"ಏಳು ಸಲ ಆಯ್ತು. ಟೇಪು ಸವೆದು ಗಿಡ್ಡ ಆದೀತು."

ಕೋಟಿನ ಬಟ್ಟೆಯನ್ನು ಎರಡು ಪದರ ಮಡಚಿ ಕತ್ತರಿಸುವುದು ವಾಡಿಕೆ. ಎಡ, ಬಲ ಒಟ್ಟಿಗೇ ಬರುತ್ತವೆ. ಆದರೆ ಕೆಳಗಿನ ಪದರ ಕಣ್ಣಿಗೆ ಕಾಣುವುದಿಲ್ಲ. ಅವಳು ಅಂಚನ್ನು ಎತ್ತಿ ನೋಡಿದಳು, ಬಿಟ್ಟಳು, ಮತ್ತೆ ಎತ್ತಿ ನೋಡಿದಳು. ಕೊನೆಗೆ ಮಡಿಕೆಯನ್ನೇ ಬಿಡಿಸಿದಳು. ಒಂದೇ ಪದರ ಹರಡಿ, ಒಂದೊಂದೇ ಭಾಗವನ್ನು ಕಣ್ಣೆದುರೇ ಕತ್ತರಿಸುವುದು ಎಂದು ತೀರ್ಮಾನಿಸಿದಳು. ಹೀಗೆ ಮಾಡುವಾಗ ಎಡದ ಭಾಗ ಆದ ಮೇಲೆ ಕಾಗದದ ನಮೂನೆಯನ್ನು ಮಗುಚಿ ಹಾಕಬೇಕು. ಆಗ ಬಲದ್ದು ಬರುತ್ತದೆ.

ಹತ್ತೂ ಮೂವತ್ತೈದಕ್ಕೆ ಕತ್ತರಿ ಓಡಿತು. ಬೆನ್ನು ಬಂತು. ಮುಂಭಾಗಗಳು ಬಂದವು. ಕೋಟಿನ ಪ್ರತಿ ತೋಳಿಗೆ ಹೊರತೋಳು, ಒಳತೋಳು ಎಂದು ಎರಡು ತುಂಡು; ಹೊರತೋಳು ಎರಡೂ ಬಂದವು. ಒಳತೋಳಿನಲ್ಲಿ ಎಡದ್ದು ಮುಗಿಯುವಾಗ ಫೋನ್ ಬಡಿದುಕೊಂಡಿತು. ತಂಗಿ.

"ಅಕ್ಕಾ, ಮಾತ್ರೆ ತಗೊಂಡ್ಯಾ?"

"ತಗೊಂಡೆ."

"ತಿಂಡಿ?"

"ಅರ್ಧ. ಮಿಕ್ಕಿದ್ದು ಡಬ್ಬೀಲಿದೆ. ಕೈಯಲ್ಲಿ ಕತ್ತರಿ ಇದೆ ಕಣೇ, ಇಡು."

"ಕತ್ತರೀನಾ? ನೀನೇ ಕಟ್ ಮಾಡ್ತಿದ್ದೀಯಾ?" ತಂಗಿಯ ದನಿ ಸಂತೋಷಕ್ಕೆ ಒಡೆಯಿತು. "ಅಯ್ಯೋ ಸರಿ ಸರಿ, ಇಟ್ಟೆ!"

ಆ ಸಂತೋಷವನ್ನೂ ಈಗ ಹೊರಬೇಕಾಯಿತು. ಅವಳು ನಮೂನೆ ಇಟ್ಟಳು, ಗೆರೆ ಎಳೆದಳು, ಎರಡು ಸಲ ಅಳೆದಳು, ಕತ್ತರಿಸಿದಳು.

ಹನ್ನೆರಡೂ ಐದಕ್ಕೆ ತೋಳಿನ ನಾಲ್ಕು ತುಂಡುಗಳನ್ನು ಜೋಡಿ ಮಾಡಿ ಇಟ್ಟು ನೋಡಿದಳು. ಎಡಗೈಯದು ಕೂಡಿತು. ಬಲಗೈಯದರ ಬಾಗು ಹೊರಮುಖವಾಗಿತ್ತು. ತಿರುಗಿಸಿದರೆ ಬಟ್ಟೆಯ ಒಳಮೈ ಮೇಲೆ ಬಂತು. ಅಳತೆ ಎಲ್ಲ ಸರಿಯಿತ್ತು, ನಮೂನೆ ಮಗುಚಿರಲಿಲ್ಲ. ಒಳತೋಳು ಎರಡೂ ಎಡದವು.

ಚೀಲ ಗೂಟದಲ್ಲಿತ್ತು, ಬಾಗಿಲಿಗೆ ಏಳು ಹೆಜ್ಜೆ. ಮನೆ ಈ ಹೊತ್ತಿನಲ್ಲಿ ಖಾಲಿ, ಪರದೆ ಎಳೆದರೆ ಕತ್ತಲಾಗುತ್ತದೆ. ಡ್ರಾಯರಿನ ಹಿಡಿ ಮೊಣಕಾಲಿಗೆ ತಗುಲುತ್ತಿತ್ತು. ಅವಳು ಎರಡೂ ಕೈಗಳನ್ನು ಮೇಜಿನ ಮೇಲೆ ಊರಿಕೊಂಡು ನಿಂತಳು.

"ಯಜಮಾನ್ರೇ, ಸ್ವಲ್ಪ ಬನ್ನಿ. ಹಾಳು ಮಾಡಿದ್ದೀನಿ."

ಯಜಮಾನರು ಬಂದು ಕನ್ನಡಕ ಇಳಿಸಿ ನೋಡಿದರು. ಕಾಜಾಜ್ಜಿಯೂ ಎದ್ದು ಬಂದಳು.

"ಎರಡು ಎಡಗೈ ಇರೋ ಮೇಷ್ಟ್ರನ್ನ ನಾನು ನೋಡಿರಲಿಲ್ಲಪ್ಪ," ಎಂದಳು.

"ಮಡಚಿ ಯಾಕೆ ಕತ್ತರಿಸಲಿಲ್ಲ?" ಯಜಮಾನರು ಕೇಳಿದರು.

"ಕೆಳಗಿನ ಪದರದ ಮೇಲೆ ನಂಬಿಕೆ ಬರಲಿಲ್ಲ."

"ಪದರದ ಮೇಲೋ?"

ಅವಳು ತಪ್ಪಿದ ಒಳತೋಳನ್ನು ಪಕ್ಕಕ್ಕೆ ಸರಿಸಿಟ್ಟಳು.

"ಗೊತ್ತಾಗಿ ಎಷ್ಟೊತ್ತಾಯ್ತು?"

"ಎರಡು ನಿಮಿಷ ಆಗಿರಬೇಕು."

ಹೋದ ವರ್ಷ ಆ ಪ್ಯಾಂಟಿನ ವಿಷಯ ಯಜಮಾನರಿಗೆ ಗೊತ್ತಾಗಲು ಒಂಬತ್ತು ದಿನ ಹಿಡಿದಿತ್ತು. ಅವರು ಸ್ಟೂಲು ಎಳೆದು ಕೂತರು. "ಈಗ ಏನು ಮಾಡ್ತೀಯಾ ಹೇಳು. ನಾನು ಏನೂ ಹೇಳಿಕೊಡಲ್ಲ."

ಅವಳು ಉಳಿದ ಚೂರುಗಳನ್ನು ಹರಡಿದಳು. ತೋಳಿನುದ್ದದ ತುಂಡು ಒಂದೂ ಇರಲಿಲ್ಲ. ಮುಕ್ಕಾಲು ತೋಳಿನದೊಂದು, ಗೇಣಗಲದ್ದೊಂದು ಸಿಕ್ಕಿತು. "ಇವೆರಡನ್ನ ಜೋಡಿಸಿ ತೆಗೀಬಹುದು. ಹೊಲಿಗೆ ಕಂಕುಳ ಕೆಳಗೆ ಬರುತ್ತೆ. ಕೈ ಇಳಿಬಿಟ್ಟರೆ ಕಾಣಲ್ಲ."

"ಬಟ್ಟೆ ನಂದಲ್ಲ. ಮೇಷ್ಟ್ರನ್ನ ಕೇಳು. ನೀನೇ ಕೇಳು."

ಹೊರಗಿನವರೊಡನೆ ಫೋನಿನಲ್ಲಿ ಮಾತಾಡಿ ಅರ್ಧ ವರ್ಷವಾಗಿತ್ತು. ಮೊದಲ ಸಲ ಅವಳು ನಂಬರನ್ನೇ ತಪ್ಪು ಒತ್ತಿದಳು. ಎರಡನೇ ಸಲ ಮೇಷ್ಟ್ರು ಎತ್ತಿದರು. ಆದದ್ದನ್ನು ಹೇಳಿ, ತಪ್ಪು ನನ್ನದೇ, ಕಂಕುಳ ಕೆಳಗೆ ಜೋಡಿಸಿ ಹೊಲಿಗೆ ಹಾಕಲೇ ಎಂದು ಕೇಳಿದಳು.

"ಕಂಕುಳ ಕೆಳಗಾ?" ಮೇಷ್ಟ್ರು ಕೇಳಿದರು.

"ಹೌದು ಸಾರ್."

"ಅಷ್ಟೆಲ್ಲಾ ಹುಡುಕಿ ನೋಡ್ತಿದ್ದೋಳು ಈಗ ಇಲ್ಲವಲ್ಲಮ್ಮ. ಹಾಕಿ. ಮಿಕ್ಕಿದ ಚೂರು ಮಾತ್ರ ಬಿಸಾಡಬೇಡಿ, ನನಗೆ ಬೇಕು."

ಜೋಡು ತುಂಡುಗಳಿಗೆ ಗೆರೆ ಎಳೆಯುವಾಗ ಎರಡು ಸಲ ಅಳಿಸಬೇಕಾಯಿತು. ಕತ್ತರಿಸಿ ಮುಗಿದಾಗ ಒಂದೂ ಹತ್ತು. ಕೋಟು ಶನಿವಾರ ಟ್ರಯಲ್‌ಗೆ ಸಿದ್ಧವಾಯಿತು. ಹೊರಗಿನ ಮಾಸ್ಟರು ಮುಂದಿನ ವಾರದಿಂದ ಗುರುವಾರ ಮಾತ್ರ ಬರತೊಡಗಿದರು; ಉಳಿದ ದಿನ ಮೇಜು ಅವಳದು.