ರುಚಿ ನೋಡದವಳ ರೆಸ್ಯೂಮು

೧

ಹೇಗೆ ಶುರು ಮಾಡಲಿ? ಕಾವ್ಯವಾಗಿದ್ದರೆ ಗಣಪತಿಗೊಂದು, ಶಾರದೆಗೊಂದು, ಗುರುವಿಗೊಂದು ಪದ್ಯ ಹೇಳಿ ನಿಧಾನವಾಗಿ ಕಥೆಗೆ ಇಳಿಯಬಹುದಿತ್ತು. ಅಷ್ಟರಲ್ಲಿ ಕೇಳುವವರು ಚಾಪೆಯ ಮೇಲೆ ಕಾಲು ಮಡಚಿ ಸರಿಯಾಗಿ ಕೂತಿರುತ್ತಿದ್ದರು. ರೆಸ್ಯೂಮಿನಲ್ಲಿ ಆ ಜಾಗದಲ್ಲಿ ‘ಕೆರಿಯರ್ ಆಬ್ಜೆಕ್ಟಿವ್’ ಇರುತ್ತದೆ. ಅದೂ ಸ್ತುತಿಯೇ, ದೇವರು ಮಾತ್ರ ಬೇರೆ.

ಹಾಗಾದರೆ ನೇರವಾಗಿ: ಡೊಂಬಿವಲಿಯ ಸತ್ಯಭಾಮಾ ಕೆಲಸ ಹುಡುಕುತ್ತಿದ್ದಾಳೆ.

(ಚೆನ್ನಾಗಿಲ್ಲ. ಜಾಹೀರಾತಿನ ಹಾಗಿದೆ. ಇರಲಿ, ನಿಜವಂತೂ ಹೌದು.)

೨

ಠಾಣೆ ಸ್ಟೇಶನ್ನಿನ ಹತ್ತಿರ ಅವಳ ಗಂಡನ ಅಣ್ಣ ಸಂಕರ್ಷಣ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಅದರ ಅಡುಗೆಮನೆ ಸತ್ಯಭಾಮೆಯದು. ಸಾಮಾನು ತರಿಸುವುದು, ನಾಳೆಗೆ ಏನೆಂದು ಹೇಳುವುದು, ಅಡುಗೆ ಭಟ್ಟರ ಜಗಳ ಬಿಡಿಸುವುದು, ಎಲ್ಲ ಅವಳೇ. ಸಂಬಳವಿರಲಿಲ್ಲ. ಮನೆಯವಳಿಗೆ ಎಂಥ ಸಂಬಳ?

ಈ ವರ್ಷ ಭಾವ ಹೋಟೆಲನ್ನು ಬೇರೊಬ್ಬರಿಗೆ ನಡೆಸಲು ಕೊಟ್ಟರು. ಅವರು ತಮ್ಮ ಜನರನ್ನು ಕರೆತಂದರು. ಐರೋಲಿಯ ಕಂಪನಿಯೊಂದರ ಕ್ಯಾಂಟೀನಿಗೆ ಕಿಚನ್ ಸೂಪರ್‌ವೈಸರ್ ಬೇಕೆಂಬುದನ್ನು ಮೊಬೈಲಿನಲ್ಲಿ ನೋಡಿದ್ದು ಮಗಳು ಶ್ರೀಲಕ್ಷ್ಮಿ. ಸತ್ಯಭಾಮೆಗೆ ಈ ಕೆಲಸ ಬೇಕು. ತನ್ನ ಹೆಸರಿನಲ್ಲಿ ಮಾಡಿದ್ದು ಅಂತ ಒಂದಾದರೂ ಇರಲಿ ಎಂದು ಬೇಕು.

(ನನಗೂ ಒಂದು ಕರೆ ಬಂದಿದೆ. ‘ಗೆದ್ದ ಮಹಿಳೆಯರು’ ವಿಶೇಷಾಂಕಕ್ಕೆ ಕಥೆ. ಎರಡು ಪುಟ ಮೀರಬಾರದು, ಕೊನೆಯಲ್ಲಿ ಗೆಲುವು ಕಡ್ಡಾಯ. ಅಂದರೆ ರೆಸ್ಯೂಮು ತಿದ್ದುತ್ತಿರುವವರು ಈ ಕಥೆಯಲ್ಲಿ ಇಬ್ಬರು.)

೩

ಭಾನುವಾರ ಮಧ್ಯಾಹ್ನ. ಮಗಳು ‘ಅಸಿಸ್ಟೆಡ್ ಇನ್ ಫ್ಯಾಮಿಲಿ ಬಿಸಿನೆಸ್’ ಎಂದು ಬರೆದು ಓದಿ ಹೇಳಿದಳು.

“ಅಸಿಸ್ಟ್ ಅಂದ್ರೆ ಸಹಾಯವಾ? ಯಾರಿಗೆ?”

“ದೊಡ್ಡಪ್ಪಂಗೆ.”

“ನಿನ್ನ ದೊಡ್ಡಪ್ಪ ಗಲ್ಲಾ ಬಿಟ್ಟು ಒಳಗೆ ಬಂದದ್ದನ್ನು ನೀನು ಕಂಡಿದ್ದೀಯಾ? ನಡೆಸಿದ್ದು ಅಂತ ಬರಿ.”

ಮಗಳು ‘ಮ್ಯಾನೇಜ್ಡ್’ ಎಂದು ತಿದ್ದಿದಳು. ನನಗೆ ಖುಷಿಯೋ ಖುಷಿ, ವಿಶೇಷಾಂಕಕ್ಕೆ ಬೇಕಾದದ್ದು ಇದೇ. ಇಲ್ಲಿಗೇ ಮಂಗಳ ಹಾಡಿಬಿಡಲೇ?

೩, ಮತ್ತೊಮ್ಮೆ

ಆಗಲಿಲ್ಲ. ಪ್ರತಿ ಅಡುಗೆಯ ರುಚಿ ನೋಡಿ ಒಪ್ಪಿಗೆ ಕೊಡುವುದು ಆ ಕೆಲಸದ ಮುಖ್ಯ ಭಾಗ ಎಂದು ಜಾಹೀರಾತಿನಲ್ಲಿತ್ತು. ಮಗಳು ಅದಕ್ಕೆ ಹೊಂದುವಂತೆ ‘ಎಕ್ಸ್‌ಪರ್ಟ್ ಇನ್ ಫುಡ್ ಟೇಸ್ಟಿಂಗ್’ ಎಂದು ಸೇರಿಸಿದಳು.

“ಅದನ್ನು ತೆಗಿ,” ಎಂದಳು ಸತ್ಯಭಾಮಾ. “ನಾನು ರುಚಿ ನೋಡಿಯೇ ಇಲ್ಲ.”

(ಓದುಗರೇ, ತಮಾಷೆಯಲ್ಲ. ಆ ಹೋಟೆಲಿನಲ್ಲಿ ಅಡುಗೆ ಮೊದಲು ದೇವರಿಗೆ, ಆಮೇಲೆ ಗಿರಾಕಿಗೆ. ನೈವೇದ್ಯಕ್ಕೆ ಮುಂಚೆ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ನೈವೇದ್ಯವಾಗುವಷ್ಟರಲ್ಲಿ ಟೇಬಲುಗಳು ತುಂಬಿರುತ್ತವೆ, ಯಾರಿಗೂ ಪುರುಸೊತ್ತಿಲ್ಲ. ಸತ್ಯಭಾಮಾ ಕುದಿಯುವ ಸಾಂಬಾರಿನ ಪರಿಮಳದ ಮೇಲೆಯೇ ಉಪ್ಪು ಎಷ್ಟೆಂದು ಹೇಳುತ್ತಿದ್ದಳು.)

“ಅರೆ ಅಮ್ಮಾ, ಆಡ್‌ನಲ್ಲೇ ಬರೆದಿದೆ ನಾ. ಮ್ಯಾಚ್ ಆಗದಿದ್ರೆ ಕಂಪ್ಯೂಟರ್ ಹೀ ಬಾಹರ್ ಫೇಂಕ್ ದೇಗಾ.”

“ಎಸೀಲಿ.”

“ವಾಸನೆಯಿಂದಲೇ ಉಪ್ಪು ಗೊತ್ತಾಗ್ತದೆ ಅಂತ ಹಾಕ್ಲಾ? ಮಸ್ತ್ ದಿಖೇಗಾ.”

“ಎಷ್ಟೋ ಸಲ ತಪ್ಪಿದೆ ಮಗಾ. ಒಂದು ದಿನ ಉಪ್ಪು ಹಾಕಿಯೇ ಇರ್ಲಿಲ್ಲ. ನಿನ್ನ ದೊಡ್ಡಪ್ಪ ಭಟ್ಟರಿಗೆ ಬೈಲಿಕ್ಕೆ ಶುರು ಮಾಡಿದ್ರು. ಉಪ್ಪು ಸರಿ ಉಂಟು ಅಂತ ಹೇಳಿದ್ದು ನಾನು, ನನಗೆ ಬೈರಿ ಅಂದೆ. ಅದನ್ನೂ ಹಾಕು.”

೪

ಇಲ್ಲಿ ನಾನು ಬಾಯಿ ಹಾಕಿದೆ. “ಸತ್ಯಭಾಮಾ ಅವರೇ, ತಪ್ಪನ್ನು ಯಾರಾದರೂ ರೆಸ್ಯೂಮಿನಲ್ಲಿ ಬರೆಯುತ್ತಾರೆಯೇ? ಉಪ್ಪು ಒಮ್ಮೆಯೂ ತಪ್ಪದ ಮೂಗು ಎಂದು ಮಾಡೋಣ. ನನ್ನ ವಿಶೇಷಾಂಕಕ್ಕೂ ಚೆಂದ.”

“ನೀವೂ ಶುರು ಮಾಡಿದ್ರಾ ಮಾರಾಯ್ರೆ? ಇಷ್ಟು ವರ್ಷ ಭಾವ ನನ್ನನ್ನು ಕಡಿಮೆ ಮಾಡಿ ಹೇಳಿದ್ರು. ಈಗ ನೀವು, ಇವಳು ಸೇರಿ ಹೆಚ್ಚು ಮಾಡಿ ಹೇಳ್ತೀರಿ. ನಾನು ಇದ್ದಷ್ಟು ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ?”

ಉತ್ತರ ಹುಡುಕುತ್ತಾ ಡ್ರಾಫ್ಟಿನ ಮೇಲೆ ಡ್ರಾಫ್ಟು ಹರಿದೆ. (ಹರಿದೆ ಎಂದರೆ ಡಿಲೀಟ್. ಹರಿಯುವ ಸುಖ ಈಗೆಲ್ಲಿ?) ಮಗಳು ಮುಖ ಊದಿಸಿಕೊಂಡೇ ಅಮ್ಮ ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸಿದಳು: ಅಡುಗೆಮನೆ ನಡೆಸಿದ್ದೇನೆ. ನೈವೇದ್ಯಕ್ಕೆ ಮೊದಲು ರುಚಿ ನೋಡುವುದಿಲ್ಲ. ಉಪ್ಪು ತಪ್ಪಿದ್ದುಂಟು, ತಪ್ಪಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಿಲ್ಲ.

ಕಂಪ್ಯೂಟರು ಅದನ್ನು ಎಸೆಯಲಿಲ್ಲ. ಇಂಟರ್‌ವ್ಯೂಗೆ ಕರೆ ಬಂತು. (ಇದು ಸಾಧ್ಯವೇ ಎಂದು ಕೇಳಬೇಡಿ. ಕಥೆಗಾರನಿಗೆ ಅಷ್ಟೂ ಅಧಿಕಾರ ಬೇಡವೇ?)

೫

ಮುಕ್ತಾಯ, ಸಂಪಾದಕರಿಗಾಗಿ: ಅವಳ ಪ್ರಾಮಾಣಿಕತೆಗೆ ಮೆಚ್ಚಿ ಇಡೀ ಆಫೀಸು ಎದ್ದು ಚಪ್ಪಾಳೆ ತಟ್ಟಿತು.

ಮುಕ್ತಾಯ, ವಿಮರ್ಶಕರಿಗಾಗಿ: ಕೆಲಸ ಸಿಗಲಿಲ್ಲ. ಮರಳುವಾಗ ಠಾಣೆಯಲ್ಲಿ ಗಾಡಿ ಬದಲಿಸುತ್ತಾ ಅವಳು ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತು ಅತ್ತಳು.

“ಸಂಜೆ ಹೊತ್ತು ಠಾಣೆ ಸ್ಟೇಶನ್ನಲ್ಲಿ ನಿಂತು ಅಳ್ಲಿಕ್ಕೆ ಜಾಗ ಎಲ್ಲುಂಟು?” ಎಂದು ಸತ್ಯಭಾಮಾ ಎರಡನ್ನೂ ಹೊಡೆದು ಹಾಕಿದಳು.

೬

ಆದದ್ದು ಇಷ್ಟು. ಐರೋಲಿಯ ಆ ಕ್ಯಾಂಟೀನಿನಲ್ಲಿ ಪ್ರೇಕ್ಷಾ ಎಂಬ ಅಧಿಕಾರಿ, ಮಂಗಳೂರು ಕಡೆಯವರ ಮಗಳು, ಒಂದು ಬಟ್ಟಲು ದಾಲ್ ಮತ್ತು ಚಮಚ ಮುಂದಿಟ್ಟಳು.

“ನೋಡಿ ಆಂಟಿ. ನಮ್ಮಲ್ಲಿ ಸೂಪರ್‌ವೈಸರ್ ಟೇಸ್ಟ್ ಮಾಡಿ ಸಹಿ ಹಾಕದೆ ಊಟ ಹೊರಗೆ ಹೋಗಲ್ಲ. ರೂಲ್ ಇದೆ.”

“ರೂಲ್ ಇರ್ಲಿ. ಮೊದಲು ದೇವರಿಗೆ ತೋರಿಸ್ತೇನೆ. ಆಮೇಲೆ ಒಂದು ಚಮಚ ಅಲ್ಲ, ಬಟ್ಟಲು ಪೂರ್ತಿ ನೋಡಿ ಸಹಿ ಹಾಕ್ತೇನೆ. ಆಗ್ತದಾ ನಿಮಗೆ?”

“ಇಲ್ಲಿ ದೇವರ ಫೋಟೋ ಎಲ್ಲಿದೆ ಆಂಟಿ?”

“ಕಿಟಕಿ ಉಂಟಲ್ಲ. ಸೂರ್ಯ ಕಾಣ್ತಾನೆ.”

ಪ್ರೇಕ್ಷಾ ಪೆನ್ನು ಹಿಡಿದುಕೊಂಡೇ ಕಿಟಕಿಯತ್ತ ತಿರುಗಿದಳು. ‘ಅವಳು ನಗುತ್ತಾ’ ಎಂದು ಬರೆದೆ. ಅಳಿಸಿದೆ. ‘ಅವಳು ರೂಲ್ ಪುಸ್ತಕ’ ಎಂದು ಬರೆದೆ.

“ನೀವು ಸ್ವಲ್ಪ ಸುಮ್ಮನಿರಿ ಮಾರಾಯ್ರೆ,” ಎಂದಳು ಸತ್ಯಭಾಮಾ, ಚಮಚ ಮುಟ್ಟದೆ. “ನಾನು ಕೇಳಿದ್ದು ಅವರತ್ರ. ಅವರೇ ಹೇಳ್ಲಿ.”