ಮೊದಲು ಕೆಟ್ಟದ್ದು ಹೇಳುವ ಝೇಲಿ

ಜುಲೈ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಊರೂರೂ ಬಾಗಿಲು ತೆರೆದು, ಲ್ಯಾವೆಂಡರ್ ಹೊಲ ನೋಡಲು ಬರುವವರಿಗಾಗಿ ಮೇಜು ಕುರ್ಚಿಗಳನ್ನು ಬೀದಿಯವರೆಗೂ ಚಾಚಿಕೊಂಡು ಕೂತಿರುವಾಗ, ನಮ್ಮ ರೋಕ್‌ಸೆಲ್‌ನ ಝೇಲಿ ರೂಬೋ ತನ್ನ ಮನೆಯ ನೀಲಿ ಕಿಟಕಿಬಾಗಿಲುಗಳನ್ನು ಒಂದೊಂದಾಗಿ ಎಳೆದು ಚಿಲಕ ಹಾಕುತ್ತಾಳೆ. ನವೆಂಬರಿನಲ್ಲಿ ಕೊನೆಯ ಹೋಟೆಲಿನವನೂ ಛತ್ರಿಗಳನ್ನು ಮಡಚಿಟ್ಟು ಸಮುದ್ರತೀರಕ್ಕೆ ಹೊರಟುಹೋದ ಮೇಲೆ ಅವನ್ನೆಲ್ಲ ತೆರೆದು, ‘ಕೋಣೆ ಬಾಡಿಗೆಗಿದೆ’ ಎಂಬ ಹಲಗೆಯನ್ನು ಗಂಭೀರವಾಗಿ ನೇತುಹಾಕುತ್ತಾಳೆ. ವ್ಯಾಪಾರ ಎಂದರೆ ಏನೆಂದು ಈ ಹೆಂಗಸಿಗೆ ಯಾರೂ ಹೇಳಿಕೊಟ್ಟಿಲ್ಲ ಎಂದು ಊರವರು ನಗುತ್ತಾರೆ.

ಎಪ್ಪತ್ತು ದಾಟಿದ ಜೀವ. ಮಿಸ್ತ್ರಾಲ್ ಗಾಳಿಗೆ ಎದುರಾಗಿ ನಡೆದೂ ನಡೆದೂ ಅವಳ ದೇಹ ಎಡಭುಜವನ್ನು ಮುಂದೆ ಮಾಡಿ ವಾಲಿಬಿಟ್ಟಿದೆ. ಎಲೆಯೂ ಅಲುಗದ ದಿನದಲ್ಲೂ ಅವಳು ಬಿರುಗಾಳಿಯೊಂದಿಗೆ ಹಟ ಹಿಡಿದವಳಂತೆಯೇ ನಡೆಯುತ್ತಾಳೆ. ಮೈಮೇಲೆ ಕುರಿ ಕಾಯುತ್ತಿದ್ದ ಗಂಡ ಬಿಟ್ಟುಹೋದ ಕಂದು ಉಣ್ಣೆಯ ಕೋಟು, ಒಂದರಂತೆ ಇನ್ನೊಂದಿಲ್ಲದ ಗುಂಡಿಗಳು, ಜೇಬಿನಲ್ಲಿ ಸದಾ ಅಕ್ರೋಟು. ಯಾವ ವಿಷಯವನ್ನೇ ಆಗಲಿ ಅವಳು ಆರಂಭಿಸುವುದು ಒಂದೇ ಮಾತಿನಿಂದ: “ಮೊದಲು ಕೆಟ್ಟದ್ದು ಹೇಳ್ತೀನಿ.”

ನಾನು ಯೌವನದಲ್ಲಿ ಒಂದು ಫೆಬ್ರವರಿಯ ಮಧ್ಯಾಹ್ನ, ಚಳಿಗಾಲದಲ್ಲಿ ಬಾಡಿಗೆ ಅಗ್ಗ ಎಂಬ ಒಂದೇ ಆಸೆಯಿಂದ ಅವಳ ಬಾಗಿಲು ತಟ್ಟಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮೊದಲು ಕೆಟ್ಟದ್ದು ಹೇಳ್ತೀನಿ. ನಲ್ಲಿ ಹೆಪ್ಪುಗಟ್ಟತ್ತೆ. ಮಂಚ ನಡುವೆ ಕುಸಿದಿದೆ. ನನ್ನ ಗೊರಕೆಗೆ ಗೋಡೆ ಲೆಕ್ಕಕ್ಕಿಲ್ಲ. ಬಾ ಒಳಗೆ, ಸೂಪ್ ಆರಿಹೋಗ್ತಿದೆ” ಎಂದಳು. ಒಂದು ವಾರಕ್ಕೆಂದು ಬಂದವನು ಈಗ ಅವಳ ಎದುರುಮನೆಯಲ್ಲಿ ಮುದುಕನಾಗುತ್ತಿದ್ದೇನೆ.

ಕಳೆದ ವರ್ಷ ಊರಿಗೆ ದೊಡ್ಡ ಆತಂಕ ಬಂದೊದಗಿತು. ನಮ್ಮ ಬೇಕರಿ ಮುಚ್ಚಿತ್ತು. ಒಬ್ಬರಾದ ಮೇಲೊಬ್ಬರಂತೆ ಅದನ್ನು ವಹಿಸಿಕೊಂಡ ಇಬ್ಬರೂ ಬೇಸಿಗೆಯಲ್ಲಿ ಬಂದು, ಬಿಸಿಲಿಗೂ ಹೂವಿಗೂ ಮರುಳಾಗಿ, ಚಳಿಗಾಲ ಕಂಡೊಡನೆ ಗಂಟುಮೂಟೆ ಕಟ್ಟಿದ್ದರು. ಈ ಸಲವೂ ಯಾರೂ ನೆಲೆನಿಲ್ಲದಿದ್ದರೆ ಕಟ್ಟಡ ಪ್ಯಾರಿಸಿನ ಯಾರದೋ ಬೇಸಿಗೆ ಮನೆಯಾಗುವುದು ಖಚಿತವಿತ್ತು. ಬೆಳಿಗ್ಗೆ ಬ್ರೆಡ್ಡಿಗೆಂದು ಹೊರಬಂದು ಒಬ್ಬರ ಮುಖ ಒಬ್ಬರು ನೋಡುವುದೂ ನಿಂತರೆ, ಮುಚ್ಚಿದ ಕಿಟಕಿಗಳ ನಡುವೆ ನಾವು ಉಳಿದ ಕೆಲವರು ಊರು ಎನಿಸಿಕೊಳ್ಳುವುದಾದರೂ ಹೇಗೆ? ಅಷ್ಟರಲ್ಲಿ ಉತ್ತರದ ರೂಬೆ ಪಟ್ಟಣದಿಂದ ಯೊಆನ್, ನವಾಲ್ ಎಂಬ ತರುಣ ದಂಪತಿ ಆಸಕ್ತಿ ತೋರಿಸಿದರು. ಮೇ ತಿಂಗಳಲ್ಲಿ ಕರೆಸೋಣ ಎಂದು ಮೇಯರ್ ಫಾಬ್ರೆಗ್ ಊರಸಭೆಯಲ್ಲಿ ಹೇಳುತ್ತಿದ್ದಂತೆ ಝೇಲಿ ಎದ್ದು ನಿಂತಳು.

“ಡಿಸೆಂಬರಲ್ಲಿ ಕರಿ. ನಮ್ಮನೇಲಿ ಇರ್ತಾರೆ.”

“ನಿಂಗೇನು ತಲೆ ಕೆಟ್ಟಿದೆಯೇನೇ? ಹೆಣ್ಣು ನೋಡೋಕೆ ಬಂದೋರಿಗೆ ಮೊದಲು ಸೋರೋ ಸೂರು ತೋರಿಸ್ತಾರಾ?”

“ಮೇನಲ್ಲಿ ಬಂದೋರು ಊರು ನೋಡಲ್ಲ ಕಣೋ, ಬಿಸಿಲು ನೋಡ್ತಾರೆ. ಎರಡು ಸಲ ಮೂಗು ಕೊಯ್ಸಿಕೊಂಡಿದ್ದು ಸಾಲ್ದಾ?”

ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಅವಳಿಂದ ಪೆಟ್ಟು ತಿಂದಿದ್ದ ಫಾಬ್ರೆಗ್ ಈಗಲೂ ಸೋತ.

ಅವರು ಬಂದದ್ದು ಡಿಸೆಂಬರ್ ನಾಲ್ಕರ ಸಂತ ಬಾರ್ಬೆಯ ಹಬ್ಬದ ದಿನ, ಕಣ್ಣಿಗೆ ಮಣ್ಣೆರಚುವ ಮಿಸ್ತ್ರಾಲಿನಲ್ಲಿ. ಝೇಲಿ ಕೋಟಿನ ಕಾಲರೆತ್ತಿ ಮುಂದೆ ವಾಲಿಕೊಂಡು ನಡೆದಳು. ದಂಪತಿ ಅವಳ ಹಿಂದೆ. ಮೇಯರ್ ಎಲ್ಲರ ಹಿಂದೆ, ಶವಯಾತ್ರೆಯ ಮುಖ ಹೊತ್ತು.

“ಮೊದಲು ಕೆಟ್ಟದ್ದು ಹೇಳ್ತೀನಿ. ಈ ಬೀದೀಲಿ ದೀಪ ಹತ್ತೋದು ಮೂರೇ ಮನೇಲಿ. ಮಿಕ್ಕಿದ್ದೆಲ್ಲ ಬೇಸಿಗೆಯವರದು. ಹೆಪ್ಪುಗಟ್ಟಿ ಕಾರಂಜಿ ಒಡೆಯುತ್ತೆ ಅಂತ ನೀರು ನಿಲ್ಸಿದೀವಿ. ಫೆಬ್ರವರೀಲಿ ನೀವು ಸುಟ್ಟ ಬ್ರೆಡ್ಡಲ್ಲಿ ಅರ್ಧ ಕೊಳ್ಳೋರಿಲ್ದೆ ಕೋಳಿಗೆ. ಈ ಗಾಳಿ ಎದ್ರೆ ಗಂಡ ಹೆಂಡ್ತಿ ಸುಮ್ಮಸುಮ್ನೆ ಜಗಳ ಆಡ್ತಾರೆ.”

“ನಾವು ಗಾಳಿ ಇಲ್ದೇನೂ ಆಡ್ತೀವಿ,” ಎಂದಳು ನವಾಲ್.

“ಆದ್ರೆ ಏಪ್ರಿಲ್ ಬಂತು ಅಂದ್ರೆ ಇಲ್ಲಿ...” ಎಂದು ಮೇಯರ್ ಬಾಯಿ ತೆರೆದ.

“ಏಪ್ರಿಲ್ ಬಂದಾಗ ಅದೇ ಮಾತಾಡ್ಕೊಳ್ಳತ್ತೆ. ನೀನು ಸುಮ್ನಿರೋ.”

ಯೊಆನ್ ಬೇಕರಿಯ ತಣ್ಣಗಿನ ಒಲೆಯ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತ. ಸಂತ ಬಾರ್ಬೆಯ ದಿನ ನಮ್ಮಲ್ಲಿ ಮನೆಮನೆಯಲ್ಲೂ ಬಟ್ಟಲಲ್ಲಿ ಒದ್ದೆ ಹತ್ತಿ ಹಾಸಿ ಗೋಧಿ ಬಿತ್ತುತ್ತಾರೆ. ಕ್ರಿಸ್ಮಸ್ಸಿಗೆ ಮೊಳಕೆ ಹಸಿರಾಗಿ ನೆಟ್ಟಗೆ ನಿಂತರೆ ಬರುವ ವರ್ಷ ಸಮೃದ್ಧ ಎಂದು ನಂಬಿಕೆ. ಝೇಲಿ ಒಂದು ಬಟ್ಟಲನ್ನು ನವಾಲಳ ಕೈಯಿಂದಲೇ ಬಿತ್ತಿಸಿ, ಮರುದಿನ ಹೊರಡುವಾಗ ಅದನ್ನು ಅವಳ ಮಡಿಲಿಗಿಟ್ಟಳು. ದಂಪತಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

“ಊರಿಗೆ ನೀನೇ ಬೀಗ ಜಡಿದೆ, ನೆನಪಿಟ್ಕೋ,” ಎಂದು ಮೇಯರ್ ಹರಿಹಾಯ್ದ. ಅವಳು ಎಂದಿನಂತೆ ತಿರುಗಿ ಜಾಡಿಸಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಕ್ರಿಸ್ಮಸ್ ಬಂತು, ಹೋಯಿತು, ಸುದ್ದಿಯಿಲ್ಲ. ಬಿಸಿಲು ಬಿದ್ದ ದಿನಗಳಲ್ಲಿ ಅವಳು ಬೇಕರಿಯ ಕಿಟಕಿಗಳನ್ನು ತೆರೆದು, ಒಲೆಗೆ ತೇವ ಹಿಡಿಯದಂತೆ ಕಾಯುತ್ತ ಒಳಗೆ ಕೂತಿರುತ್ತಿದ್ದಳು. ಒಮ್ಮೆ ಅಕ್ರೋಟು ಒಡೆಯುತ್ತ, “ಆಮೇಲೆ ಒಳ್ಳೇದೂ ಹೇಳ್ಬೇಕಿತ್ತೇನೋ. ಮರೆತೇಬಿಟ್ಟೆ ಕಣಯ್ಯ,” ಎಂದಳು. ಅಷ್ಟು ವರ್ಷಗಳಲ್ಲಿ ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಸಂಶಯ ಅದು. ನನಗೆ ತುಂಬ ಸಂಕಟವಾಯಿತು.

ಜನವರಿಯ ಮಧ್ಯದಲ್ಲಿ, ಮಿಸ್ತ್ರಾಲ್ ಆಕಾಶವನ್ನು ಗುಡಿಸಿ ತೊಳೆದು ಹೋಗಿದ್ದ ಒಂದು ಬೆಳಿಗ್ಗೆ, ಸಾಮಾನು ತುಂಬಿದ ಹಳೆಯ ವ್ಯಾನೊಂದು ಬೇಕರಿಯ ಮುಂದೆ ನಿಂತಿತು. ನವಾಲ್ ಇಳಿದಳು, ಕೈಯಲ್ಲಿ ಆ ಬಟ್ಟಲು. ಮೊಳಕೆಗಳು ಬಿಳಚಿಕೊಂಡು ಒಂದೇ ಕಡೆಗೆ ಬಾಗಿದ್ದವು. ಓಡಿಬಂದ ಮೇಯರನ ಮುಖ ಅದನ್ನು ಕಂಡು ಇಳಿದುಹೋಯಿತು.

“ಮದಾಮ್, ಮೊದಲು ಕೆಟ್ಟದ್ದು ಹೇಳ್ತೀನಿ,” ಎಂದಳು ನವಾಲ್. “ಬಗ್ಗಿಹೋಗಿದೆ. ನಮ್ಮ ಅಡುಗೆಮನೆಗೆ ಬಿಸಿಲೇ ಬರಲ್ಲ. ಪಾಪ, ಕಿಟಕಿ ಕಡೆಗೇ ವಾಲ್ಕೊಂಡು ಬೆಳೀತು. ದಿನಾ ಅದನ್ನ ನೋಡ್ತಿದ್ವಿ. ಕೊನೆಗೆ, ಅದು ಹುಟ್ಟಿದ ಕಡೆಗೇ ತಗೊಂಡು ಹೋಗೋಣ ಅಂತ ಬಂದ್ಬಿಟ್ವಿ.”

ಮೇಯರ್ ಬಟ್ಟಲನ್ನೊಮ್ಮೆ, ಝೇಲಿಯನ್ನೊಮ್ಮೆ ನೋಡಿದ. “ಥೇಟ್ ನಿನ್ನ ಹಾಗೇ ವಾಲಿದೆಯಲ್ಲೇ!” ಎಂದು ನಕ್ಕುಬಿಟ್ಟ. ಝೇಲಿ ಬಟ್ಟಲನ್ನು ಬೇಕರಿಯ ಕಿಟಕಿಯ ಮೇಲೆ, ಚಳಿಗಾಲದ ಆ ನಿಚ್ಚಳ ಬಿಸಿಲಿಗೆ ಇಟ್ಟಳು. ಸೌದೆ ಎಲ್ಲಿದೆ ಎಂದು ಯೊಆನ್ ಕೇಳಿದ. “ಹಿತ್ತಲಲ್ಲಿದೆ. ಹಸಿ ಸೌದೆ, ಹೊಗೆಯೇ ಜಾಸ್ತಿ,” ಎಂದಳು, ಕಣ್ಣು ಮಾತ್ರ ಅವಳ ಮಾತು ಕೇಳದೆ ನಗುತ್ತಿತ್ತು. ನನಗಾದ ಸಂತೋಷವನ್ನು ಇಂದಿಗೂ ಬಣ್ಣಿಸಲಾರೆ.

ಊರನ್ನು ಹೊಗಳುವವರು ಎಲ್ಲ ಕಡೆಯೂ ಇರುತ್ತಾರೆ. ಅವರ ಹೊಗಳಿಕೆ ಹವಾಮಾನದೊಂದಿಗೆ ಬಂದು ಹವಾಮಾನದೊಂದಿಗೆ ಹೋಗುತ್ತದೆ. ಝೇಲಿಯಂಥವರನ್ನು ನಾವು ಕಹಿಬಾಯಿಯವರು, ಒರಟರು ಎನ್ನುತ್ತೇವೆ. ಆದರೆ ತಾವು ಪ್ರೀತಿಸುವುದರ ಕುಂದುಗಳನ್ನೆಲ್ಲ ಬಲ್ಲವರು ಅವರೇ, ಬಲ್ಲಮೇಲೂ ಬಿಟ್ಟುಹೋಗದವರೂ ಅವರೇ. ಆದ್ದರಿಂದಲೇ ಬಂದವರ ಮುಂದೆ ಅವನ್ನು ಮುಚ್ಚಿಡಬೇಕೆಂದು ಅವರಿಗೆ ತೋರುವುದಿಲ್ಲ. ಅವರ ಒರಟು ಮಾತಿನ ಹೊಸಿಲು ದಾಟಿ ಒಳಗೆ ಬಂದವರು ಹಿಂದಿರುಗುವುದು ಅಪರೂಪ. ನಾನಂತೂ ಹಿಂದಿರುಗಲಿಲ್ಲ.