ಕೈ ಮುಗಿದವರು

ಎದೆಗೆ ಅಂಟಿಸಿದ ರಬ್ಬರು ಬಟ್ಟಲುಗಳು ತಣ್ಣಗಿವೆ, ಹೊರಗೆ ಸಿಂದಗಿಯ ಬಿಸಿಲಿಗೆ ತಗಡು ಕಾಯುತ್ತಿದೆ, ಇಲ್ಲಿ ಎದೆಯ ಮೇಲೆ ಮಾತ್ರ ಚಳಿ, ಯಂತ್ರ ಕಿರ್ರೆಂದು ಕಾಗದ ಬಿಡುತ್ತಿದೆ — ಅಮಸಿದ್ದ, ಬೀಳೂಕಿಂತ ಮದ್ಲ ಏನಾಗ್ತೈತಿ ಹೇಳು, ಡಾಕ್ಟರು ಕೇಳುತ್ತಾರೆ, ಬೆವರು ಬರ್ತೈತ್ರಿ, ಕಣ್ಣಿಗೆ ಕತ್ತಲಿ ಬರ್ತೈತ್ರಿ, ಯಾವಾಗ, ಹ್ವಾದ ವರ್ಷ ಮೊಹರಂದಾಗ ದೇವರು ಹೊತ್ತಾಗ್ರಿ, ಮೊನ್ನಿ ಜ್ವಾಳದ ಚೀಲ ಹೊತ್ತಾಗೂ ಬಂತ್ರಿ. ಚೀಲ ಹೊತ್ತಾಗ ಯಾವ ದೇವರು ಬಂದಿತ್ತೋ, ಊರಲ್ಲಿ ಹೇಳಲಿಲ್ಲ, ಹೇಳಿದ್ದರೆ ಗೈಬುಸಾಬ ಚೀಲಕ್ಕೂ ಲೋಬಾನದ ಹೊಗೆ ಹಾಕುತ್ತಿದ್ದ. ನಮ್ಮೂರು ಯಂಕಂಚಿಯ ಅಲಾಯಿ ದೇವರ ಪೂಜೆ ನೋಡಿಕೊಳ್ಳುವ ಮುಜಾವರ ಅವನು, ಒಳ್ಳೆಯವನು, ನನ್ನ ಜೊತೆ ಬಸ್ಸು ಹತ್ತಿ ಬಂದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾನೆ, ನಾಳೆ ಮೊಹರಂ, ಕೋಲಿಗೆ ಕಟ್ಟಿದ ಲೋಹದ ಹಸ್ತ, ಆ ಪಂಜಾ ಹೊರುವ ಮನೆತನ ನಮ್ಮದು, ಅಜ್ಜ ಹೊತ್ತ, ಅಪ್ಪ ಹೊತ್ತ — ಅಪ್ಪ ಪಂಜಾ ಹೊತ್ತು ಬೆಂಕಿಯ ಕುಣಿ ಸುತ್ತುವಾಗ ಬಿದ್ದ, ದೇವರು ತುಂಬ್ಯಾನ, ಹಲಗಿ ನಿಲ್ಲಸ್ರಿ, ಯಾರೋ ಕೂಗಿದರು, ಹಲಗೆ ನಿಂತಿತು, ಎಲ್ಲರೂ ಸುತ್ತ ಕೈ ಮುಗಿದು ನಿಂತರು, ನಮ್ಮ ಓಣಿಯ ರಾಜಬಿ ಕೇಳುತ್ತಾಳೆ, ದೇವ್ರ, ನನ್ನ ಮಗಳಿಗೆ ಮಕ್ಕಳಾಗ್ತಾವೇನು, ಅವ್ವನೂ ಕೈ ಮುಗಿದಿದ್ದಾಳೆ, ನಾನೂ ಮುಗಿದಿದ್ದೇನೆ, ಅಪ್ಪನ ಬಾಯಿ ತೆರೆದಿದೆ, ಈಗ ಹೇಳುತ್ತಾನೆ, ಈಗ ಹೇಳುತ್ತಾನೆ, ನೊಣ ಬಂದು ತುಟಿಯ ಮೇಲೆ ಕೂತಿತು. ದೇವರು ಬಂದ ಮೈ ಮುಟ್ಟಬಾರದು, ಯಾರೂ ಮುಟ್ಟಲಿಲ್ಲ. ಮೈ ತಣ್ಣಗಾಗಿದೆ ಎಂದು ಗೊತ್ತಾದ ಮೇಲೂ ಕೆಲವರು ಕೈ ಇಳಿಸಲಿಲ್ಲ.

ನಿಮ್ಮಪ್ಪ ಹ್ಯಾಂಗ ಸತ್ತ, ಡಾಕ್ಟರು ಕೊಳವೆ ಕಿವಿಯಿಂದ ತೆಗೆದು ಕೇಳುತ್ತಾರೆ, ದೇವರು ಕರ್ಕೊಂಡ್ರಿ, ಬಾಯಿ ತಾನೇ ಹೇಳಿಬಿಡುತ್ತದೆ, ರೂಢಿ. ಎದಿಯಾಗ ಸಪ್ಪಳ ಐತಿ, ರಕ್ತ ಹೊರಬೀಳೂ ಬಾಗಲಾ ಸಣ್ಣದಾಗಿರಬೇಕು, ವಜ್ಜಿ ಹೊತ್ರ ತಲಿಗೆ ರಕ್ತ ಏರೂದಿಲ್ಲ, ವಿಜಾಪುರಕ್ಕ ಹೋಗಿ ಸ್ಕ್ಯಾನ್ ಮಾಡಸು, ಅಲ್ಲೀಮಟ ಏನೂ ಹೊರಬ್ಯಾಡ, ಮತ್ತ ಬಿದ್ರ ಏಳ್ತಿ ಅಂತ ಹೇಳಾಕ ಬರೂದಿಲ್ಲ. ಹೆದರಿಕೆಯಾಗಬೇಕು, ಆಗುತ್ತಿಲ್ಲ, ಅಪ್ಪನ ಎದೆಯಲ್ಲೂ ಸಪ್ಪಳ ಇತ್ತೋ ಏನೋ, ಕಿವಿಯಿಟ್ಟು ಕೇಳಿದವರಿಲ್ಲ, ಅಳುವೂ ಬರುತ್ತಿಲ್ಲ, ಅಂಗಿಯ ಗುಂಡಿ ಹಾಕುತ್ತೇನೆ, ಡಾಕ್ಟರು ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದಾರೆ, ನಾಳೆ ನಾನು ಹೊರುವುದಿಲ್ಲ, ಗೈಬುಸಾಬನಿಗೆ ಈಗಲೇ ಹೇಳಿಬಿಡಬೇಕು, ಬಾಗಿಲು ತೆರೆದೆ, ಕುತ್ತಿಗೆಯ ಹಿಂದೆ ಬೆವರು, ಬೆಂಚಿನ ಎರಡೂ ತುದಿ ಕಪ್ಪಾಗುತ್ತಿವೆ, ನಡುವೆ ಗೈಬುಸಾಬನೊಬ್ಬನೇ ಉಳಿದಿದ್ದಾನೆ, ಗೈಬುಸಾಬ, ನನ್ನ ಹಿಡಿ, ಅನ್ನಬೇಕು, ನಾಲಿಗೆ ಏಳುತ್ತಿಲ್ಲ, ಚೌಕಟ್ಟು ಕೈಗೆ ಸಿಗುತ್ತಿಲ್ಲ, ಅವನು ನನ್ನ ಮುಖ ನೋಡಿದ, ಎದ್ದ, ಚಪ್ಪಲಿ ಬಿಟ್ಟ, ಕೈ ಮುಗಿದ